ರೌಟರಿನ ಮೇಲೆ ದಂಡೆತ್ತಿ ಬಂದವರು

ಮನೆಯ ರೌಟರಿನ ಲಾಗ್ ಓದಬಾರದು. ಓದಿದರೂ ಸಿರುಗುಪ್ಪದಿಂದ ಬಂದ ದೊಡ್ಡಪ್ಪನ ಎದುರು ಜೋರಾಗಿ ಓದಬಾರದು. ಭತ್ತದ ಗದ್ದೆಗೆ ಕಾಲುವೆ ನೀರು ಬಿಟ್ಟುಕೊಂಡು ರಾತ್ರಿಯಿಡೀ ಕಾದ ಜೀವ ಅದು. ಕಳ್ಳರೆಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಕೋಲು ಹುಡುಕುತ್ತದೆ. ನಾನೋ ಬ್ರೌಸರಿನಲ್ಲಿ 192.168.1.1 ಎಂದು ಒತ್ತಿ ಒಳಹೊಕ್ಕು, 'ಡಾಸ್ ಅಟ್ಯಾಕ್', 'ಪೋರ್ಟ್ ಸ್ಕ್ಯಾನ್', 'ಆ್ಯಕ್ ಸ್ಕ್ಯಾನ್' ಎಂದು ಪಾರಾಯಣ ಮಾಡುತ್ತಿದ್ದೆ.

"ಅಟ್ಯಾಕ್ ಅಂತ ಬರದೈತಿ, ನೀ ನೋಡಿದ್ರ ಮಂಡಾಳು ಒಗ್ಗರಣಿ ತಿನ್ಕೋತ ಕುಂತೀಯಲ್ಲೋ! ಯಾವತ್ತು ನಡದದ್ದು?" ಎಂದರು.

ನೋಡಿದೆ. 1 ಜನವರಿ 1970.

ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ರೌಟರಿಗೆ ಇಸವಿ ಮರೆಯುತ್ತದೆ. ಇಂಟರ್ನೆಟ್ಟಿನಿಂದ ಸರಿಯಾದ ವೇಳೆ ಸಿಗುವವರೆಗೂ ಅದು ತನ್ನ ಕಾಲಗಣನೆಯ ಮೊದಲ ದಿನದಲ್ಲೇ ಇರುತ್ತದೆ. ಆ ಲೆಕ್ಕದಲ್ಲಿ ದಾಳಿ ನಡೆದದ್ದು ನಮ್ಮ ಮನೆಯ ಮೇಲಲ್ಲ, ಮೈಸೂರು ರಾಜ್ಯದ ಮೇಲೆ. 'ಕರ್ನಾಟಕ' ಎಂಬ ಹೆಸರು ಬಂದದ್ದೇ 1973ರಲ್ಲಿ.

"ಹೋಗ್ಲಿ, ಬಂದವ್ರು ಯಾರು?"

ಆ್ಯಕ್ ಸ್ಕ್ಯಾನ್ ಎಂಬ ದಾಳಿಕೋರನ ಬೆನ್ನು ಹತ್ತಿದೆ. ಪೋರ್ಟ್ 443, ದೊಡ್ಡ ವಿಡಿಯೋ ಕಂಪನಿಯೊಂದರ ಸರ್ವರ್. ಮಗಳು ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿದ್ದಳು. ಸಂಪರ್ಕ ಮುಗಿಯಿತೆಂದು ರೌಟರು ಬಾಗಿಲು ಹಾಕಿದ ಮೇಲೆ, ದಾರಿಯಲ್ಲಿದ್ದ ಉಳಿದ ಪ್ಯಾಕೆಟ್‌ಗಳು ಬಂದು ತಲುಪಿವೆ. ಪಾಪ, ನಾವೇ ಕರೆದವರು, ಚೂರು ತಡವಾಗಿ ಬಂದಿದ್ದಕ್ಕೆ ಕಳ್ಳರ ಪಟ್ಟಿ ಸೇರಿದ್ದರು.

ಉಳಿದವರು ಮಾತ್ರ ನಿಜವಾಗಿಯೂ ಅಪರಿಚಿತರು. ಓಣಿಯ ಪ್ರತಿ ಮನೆಯ ಚಿಲಕ ಅಲುಗಾಡಿಸಿ, ತೆರೆಯದಿದ್ದರೆ ಮುಂದಿನ ಮನೆಗೆ ಹೋಗುವ ಜನ. ಜಗತ್ತಿನ ಹಳೆಯ ಮಾದರಿಯ ಐಪಿ ವಿಳಾಸಗಳು ಸುಮಾರು 430 ಕೋಟಿ. ಅಷ್ಟನ್ನೂ ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ತಟ್ಟಿ ಬರಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದಾರೆ. ಹೀಗೆ ತಟ್ಟುವವರಲ್ಲಿ ಸಂಶೋಧಕರೂ ಇದ್ದಾರೆ, ಖದೀಮರೂ ಇದ್ದಾರೆ. ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದವರು ಯಾರೂ ಇಲ್ಲ ಎಂದಾಗ ದೊಡ್ಡಪ್ಪನ ಮುಖ ಸ್ವಲ್ಪ ಬಾಡಿತು. ವೈರಿಯೂ ಕ್ಯಾರೇ ಅನ್ನದಷ್ಟು ಸಣ್ಣವರಾದೆವಲ್ಲ ಎಂಬ ಬೇಸರ.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ? ನಮ್ಮೂರ ಕೋಟೆಯನ್ನು ಕೇಳಿ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಅದನ್ನು ಭದ್ರಪಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ಫಿರಂಗಿ ಇಟ್ಟರೆ ಕೋಟೆಯ ಗತಿ ಮುಗಿದಂತೆ. ಎಂಜಿನಿಯರನಿಗೆ ಗಲ್ಲಾಯಿತು ಎನ್ನುತ್ತದೆ ಐತಿಹ್ಯ. ರೌಟರಿನ ಕುಂಬಾರ ಗುಡ್ಡ ಎಂದರೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು 'ಅಡ್ಮಿನ್-ಅಡ್ಮಿನ್' ತರಹದ ಅರವತ್ತು ಚಿಲ್ಲರೆ ಜೋಡಿಗಳನ್ನು ಮಾತ್ರ ಹಿಡಿದು ಹೊರಟು, ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡಿತು. ಆ ಸೈನ್ಯದ ಹೊಡೆತಕ್ಕೆ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಎಷ್ಟೋ ಜನರಿಗೆ ಸಿಗದಾದವು.

"ಅಂದ್ರ ಬೊಬ್ಬಿ ಹೊಡಿಯೋ ಸಾಲಿಗೆ ಅಂಜಬಾರದು," ಎಂದರು ದೊಡ್ಡಪ್ಪ.

ಅಷ್ಟೇ. 'ಅಟ್ಯಾಕ್' ಎಂದು ಕೂಗುವ ಸಾಲು ಬಹುಪಾಲು ತಡೆದದ್ದರ ವರದಿ. ಮನೆಯವರೆಲ್ಲ ಮಲಗಿರುವಾಗ ರಾತ್ರಿ ಎರಡಕ್ಕೆ 'ಅಡ್ಮಿನ್ ಲಾಗಿನ್ ಸಕ್ಸಸ್' ಎಂದು ಸಾಧುವಾಗಿ ಕೂತ ಸಾಲು, ಮನೆಯಲ್ಲಿ ಯಾರದ್ದೂ ಅಲ್ಲದ ಮೊಬೈಲಿನ ಹೆಸರು, ನೀವು ಮುಟ್ಟದೆಯೇ ಬದಲಾದ ಡಿಎನ್‌ಎಸ್ ವಿಳಾಸ, ಇವು ಕಂಡರೆ ಎದ್ದು ಕೂರಿ. ಕಾಣುವ ಮೊದಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಫರ್ಮ್‌ವೇರ್ ಹೊಸದಾಗಿಸಿ. ಹೊಸ ಪಾಸ್‌ವರ್ಡ್ ಮಾತ್ರ ದಯವಿಟ್ಟು 'ಬಳ್ಳಾರಿ123' ಆಗದಿರಲಿ.