ಲಾಗ್‌ಬುಕ್ ಸಾರ್

ಅವ್ವನ ಬಿಪಿ ಮಾತ್ರೆಗೆಂದು ತಿಂಗಳಿಗೊಮ್ಮೆ ಮುಳಬಾಗಿಲಿನ ಒಂದು ಆಸ್ಪತ್ರೆಯ ಔಷಧಿ ಕಿಟಕಿ ಮುಂದೆ ನಿಲ್ಲುತ್ತೇನೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಮಾತ್ರೆ ನಿಂತುಹೋದೀತು. ಲಾಗ್‌ಬುಕ್ ಸಾರ್ ಕಣ್ಣಿಗೆ ಬಿದ್ದದ್ದು ಆ ಸಾಲಿನಲ್ಲೇ. ಡಿ.ಫಾರ್ಮ ಕಾಲೇಜಿನವರು. ತಮ್ಮ ಮಕ್ಕಳು ಆಸ್ಪತ್ರೆಯಲ್ಲಿ ನೆಟ್ಟಗೆ ಕಲಿಯುತ್ತಿದ್ದಾರೋ ಇಲ್ಲವೋ ನೋಡುವುದು ಅವರ ಕೆಲಸ. ಇಂಥವರು ನಿಮ್ಮೂರಲ್ಲೂ ಇರುತ್ತಾರೆ: ಕಂಕುಳಲ್ಲಿ ಫೈಲು, ಜೇಬಲ್ಲಿ ಮೂರು ಬಣ್ಣದ ಪೆನ್ನು.

ಕೋಲಾರದ ಬಸ್ಸಿಳಿದವರು ಮೊದಲು ಹೋಗುವುದು ದೋಸೆ ಹೋಟೆಲಿಗೆ. ಮುಳಬಾಗಿಲಿಗೆ ಬಂದು ದೋಸೆ ತಿನ್ನದಿರುವುದೂ ಒಂದೇ, ಕುರುಡುಮಲೆಗೆ ಹೋಗಿ ಗಣಪನಿಗೆ ಕೈಮುಗಿಯದಿರುವುದೂ ಒಂದೇ ಅನ್ನುತ್ತಾರೆ. ಈ ವಿಷಯದಲ್ಲಿ ಮಾತ್ರ ನಾನು ಅವರ ಕಡೆ. ತುಪ್ಪದ ಬೆರಳು ಒರೆಸಿಕೊಳ್ಳುತ್ತ ಹನ್ನೊಂದೂವರೆಗೆ ಒಳಗೆ ಬಂದರೆ ತಪಾಸಣೆ ಶುರು.

ಮೊದಲು ಫ್ರಿಜ್. “ಇನ್ಸುಲಿನ್ ಎಷ್ಟು ಡಿಗ್ರೀಲಿ ಇಡಬೇಕಮ್ಮ?”

“2ರಿಂದ 8 ಸಾರ್.”

“ಯಾಕೆ?” ತರಬೇತಿಗೆ ಬಂದ ಹುಡುಗಿ ಬಾಯಿ ತೆರೆಯುವ ಮೊದಲೇ ಸಾರ್ ತಾವೇ ಹೇಳತೊಡಗುತ್ತಾರೆ, ಫ್ರಿಜ್ ಬಾಗಿಲು ಹಿಡಿದುಕೊಂಡೇ. ಪಾಠ ಮುಗಿಯುವಷ್ಟರಲ್ಲಿ ಒಳಗಿನ ಥರ್ಮಾಮೀಟರ್ 11ಕ್ಕೆ ಏರಿರುತ್ತದೆ. ಹುಡುಗಿ ಮೆಲ್ಲಗೆ ಬಾಗಿಲು ಒತ್ತುತ್ತಾಳೆ. ಸಾರ್ “ಇನ್ನೊಂದು ಮಾತು” ಅಂತ ಮತ್ತೆ ತೆಗೆಯುತ್ತಾರೆ.

ಆಮೇಲೆ ಕೆಲವು ಔಷಧಿಗಳಿಗೆಂದೇ ಇರುವ ಎಚ್1 ರಿಜಿಸ್ಟರ್. ಬರೆದುಕೊಟ್ಟ ಡಾಕ್ಟರ್, ರೋಗಿ, ಔಷಧಿ, ಎಷ್ಟು ಕೊಟ್ಟದ್ದು ಎಲ್ಲ ಅದರಲ್ಲಿರಬೇಕು, ಮೂರು ವರ್ಷ ಜೋಪಾನವಾಗಿ ಇಡಬೇಕು. ಸಾರ್ ನೋಡುವುದು ಗೆರೆಯನ್ನು ಸ್ಕೇಲಿಟ್ಟು ಎಳೆದಿದ್ದಾರೋ ಇಲ್ಲವೋ ಅಂತ.

ಡಿ.ಫಾರ್ಮ ಮಾಡುವವರು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಕನಿಷ್ಠ 500 ಗಂಟೆ ತರಬೇತಿ ಪಡೆಯಬೇಕು, ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧಿ ಕೊಟ್ಟಿರಬೇಕು ಎಂದು ಫಾರ್ಮಸಿ ಕೌನ್ಸಿಲ್ 1991ರ ನಿಯಮಾವಳಿಯಲ್ಲೇ ಬರೆದಿಟ್ಟಿದೆ. ಒಬ್ಬ ಫಾರ್ಮಸಿಸ್ಟ್ ಇರುವ ಕಡೆ ಕಲಿಯುವವರು ಇಬ್ಬರನ್ನು ಮೀರಬಾರದು ಅಂತಲೂ ಅದರಲ್ಲಿದೆ. ಆ ಕಿಟಕಿಯ ಹಿಂದೆ ನಾಲ್ವರು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಸಾರ್ ತಲೆ ಎಣಿಸುವವರಲ್ಲ, ಗಂಟೆ ಎಣಿಸುವವರು.

ಹೋದ ತಿಂಗಳು ಆ ಹುಡುಗಿಯ ಲಾಗ್‌ಬುಕ್ಕಿನ ಗಂಟೆ ಎಣಿಸಿ ಬೆಚ್ಚಿಬಿದ್ದರು. “506 ಬಂದಿದೆಯಲ್ಲಮ್ಮ! ಆರು ಕಡಿಮೆ ಮಾಡು.”

“ಕನಿಷ್ಠ 500 ಅಲ್ವಾ ಸಾರ್?”

“ಸರ್ಟಿಫಿಕೇಟಲ್ಲಿ 500 ಅಂತ ಪ್ರಿಂಟಾಗಿದೆ. ನಿನಗೋಸ್ಕರ ಬೇರೆ ಪ್ರಿಂಟ್ ಹಾಕಿಸಲಾ?”

ಅಷ್ಟರಲ್ಲಿ ನಂಗಲಿ ಕಡೆಯ ಅಜ್ಜಿಯೊಬ್ಬಳು ಎಲೆಯಡಿಕೆ ಸಂಚಿಯಿಂದ ಎರಡು ಸ್ಟ್ರಿಪ್ ತೆಗೆದು ಕಿಟಕಿಯಲ್ಲಿಟ್ಟಳು. “ರೆಂಡೂ ಷುಗರ್ ಮಾತ್ರಲೇ ತಲ್ಲೀ.” ಒಂದು ಇಲ್ಲಿಯದು, ಇನ್ನೊಂದು ಬೇರೆ ಡಾಕ್ಟರು ಬರೆದದ್ದು. ಹುಡುಗಿ ಎರಡನ್ನೂ ಬೆಳಕಿಗೆ ಹಿಡಿದಳು. ದಪ್ಪಕ್ಷರದ ಹೆಸರು ಬೇರೆ ಬೇರೆ, ಕೆಳಗಿನ ಇರುವೆಯಂಥ ಅಕ್ಷರ ಮಾತ್ರ ಒಂದೇ: ಮೆಟ್‌ಫಾರ್ಮಿನ್ 500. ಅಜ್ಜಿ ಎರಡನ್ನೂ ನುಂಗುತ್ತಿದ್ದಳು. ಹುಡುಗಿ ಅವಳ ತೆಲುಗಿನಲ್ಲೇ ತಿಳಿಸಿ, ಅವಳ ಬಾಯಲ್ಲೇ ತಿರುಗಿ ಹೇಳಿಸಿ, ಕೈಹಿಡಿದು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು. ಸಾಲು ಗೊಣಗಿತು. ಸುಳ್ಳು ಯಾಕೆ, ನಾನೂ ಗೊಣಗಿದೆ.

ವಾಪಸ್ ಬಂದವಳನ್ನು ಸಾರ್ ಕೇಳಿದರು: “ಇದನ್ನ ಯಾವ ಕಾಲಂಗೆ ಬರೀತೀಯ?”

“ಔಷಧಿ ಕೊಡೋದಕ್ಕೆ, ಸಾರ್.”

“ನೀನು ಕೊಡಲೇ ಇಲ್ಲವಲ್ಲಮ್ಮ!”

ಈ ತರ್ಕಕ್ಕೆ ಸಾಲಿನಲ್ಲಿದ್ದ ನಮಗ್ಯಾರಿಗೂ ಉತ್ತರ ಹೊಳೆಯಲಿಲ್ಲ. ಸಾರ್ ಉತ್ಸಾಹದಿಂದ ಹಿಂದಿನ ಹಾಳೆ ತಿರುವಿದರು. ಸಿರಪ್ ಚಮಚದ ಅಳತೆ ತಾಯಿಗೆ ತೋರಿಸಿದ್ದು ಅರ್ಧ ಗಂಟೆ, ಇನ್‌ಹೇಲರ್ ಎಳೆಯುವುದು ತಾತನಿಗೆ ಕಲಿಸಿದ್ದು ಮುಕ್ಕಾಲು ಗಂಟೆ, ಡಾಕ್ಟರ ಅಕ್ಷರ ತಿಳಿಯದೆ ಕೇಳಿಕೊಂಡು ಬಂದದ್ದು ಕಾಲು ಗಂಟೆ. ಕೆಂಪು ಪೆನ್ನು ಒಂದೊಂದನ್ನೇ ಹುಡುಕಿ ಹೊಡೆಯಿತು. ಆರು ಗಂಟೆ ಸಿಕ್ಕೇಬಿಟ್ಟಿತು. “ನೋಡು, ಈಗ ಲೆಕ್ಕ ಸರಿಹೋಯ್ತು,” ಅಂತ ಹಸಿರು ಶಾಯಿಯಲ್ಲಿ ‘ತರಬೇತಿ ತೃಪ್ತಿಕರ’ ಎಂದು ಬರೆದು ಸಹಿ ಎಳೆದರು.

ಹೊರಟವರು ಬಾಗಿಲವರೆಗೆ ಹೋಗಿ, ಏನೋ ನೆನಪಾಗಿ ತಿರುಗಿ ಬಂದು ಫ್ರಿಜ್ ತೆಗೆದರು. ಇನ್ಸುಲಿನ್ ಡಬ್ಬಗಳ ಮಧ್ಯೆ ತಣ್ಣಗಾಗಲಿ ಅಂತ ಇಟ್ಟಿದ್ದ ತಮ್ಮ ನೀರಿನ ಬಾಟಲಿ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದರು.