ಕಾವು ಎಲ್ಲಿಗೆ ಹೋಯಿತು?

ಬಿಸು ಹಬ್ಬಕ್ಕೆ ಮನೆಯವರಿಗೆಲ್ಲ ಹೊಸ ಬಟ್ಟೆ, ನನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು. ಬಟ್ಟೆಯ ಬಿಲ್ಲು ಮೇಜಿನ ಮೇಲಿತ್ತು, ಕಾರ್ಡಿನದ್ದು ಪಂಚಾಂಗದೊಳಗೆ. ಕಾಸರಗೋಡಿನ ನಾಯ್ಮಾರ್ಮೂಲೆಯಲ್ಲಿ ಕೂತವನಿಗೆ ಅಂಥ ಕಾರ್ಡು ಯಾಕೆ ಎಂದು ಕೇಳಬೇಡಿ. ನೆಂಟರ ಮದುವೆ, ಆಸುಪಾಸಿನ ಯಕ್ಷಗಾನ ಎಲ್ಲವನ್ನೂ ವಿಡಿಯೋ ಮಾಡಿ, ಕತ್ತರಿಸಿ, ಜೋಡಿಸಿ, ಯಾರೂ ಕೇಳದಿದ್ದರೂ ಹಂಚುವುದು ನನ್ನ ಚಟ.

ಹಳೆಯ ಕಾರ್ಡಿಗೆ ಒಂದೇ ಬ್ಲೋವರ್. ಕೆಲಸ ಜೋರಾದರೆ ಗಿರಣಿಯ ಹಾಗೆ ಕಿರುಚುತ್ತಿತ್ತು, ಬಿಸಿ 83 ಡಿಗ್ರಿ. ಹೊಸದಕ್ಕೆ ಎರಡು ಫ್ಯಾನು. ಸದ್ದಿಲ್ಲ, 68 ಡಿಗ್ರಿ. ಮಗನ ಮಾರ್ಕ್ಸ್ ಕಾರ್ಡಿನ ಹಾಗೆ ಆ ಅಂಕಿಯನ್ನು ಹೆಂಡತಿಗೆ ತೋರಿಸಿದೆ. "ಚಳಿ ಆದ್ರೆ ಹೊದಿಕೆ ಕೊಡ್ಲಾ?" ಎಂದಳು. ಧೂಳು ಬೀಳಬಾರದೆಂದು ಕ್ಯಾಬಿನೆಟ್ಟನ್ನು ಮೇಜಿನಡಿಯ ಗೂಡಿಗೆ ತಳ್ಳಿ, ಮುಂದೆ ಪರದೆಯನ್ನೂ ಇಳಿಬಿಟ್ಟವನು ನಾನೇ.

ಮೂರನೇ ದಿನ 'ಅಭಿಮನ್ಯು ಕಾಳಗ'ದ ರೆಂಡರಿಂಗ್ ನಡೆದಿತ್ತು.

"ಎಂತದೋ ಕರಟಿದ ವಾಸನೆ ಬರ್ತಾ ಉಂಟಲ್ಲ?"

"ಅಡುಗೆಮನೆಯದ್ದು."

"ಅಡುಗೆಮನೆಯಿಂದಲೇ ನಾನು ಕೇಳುವುದು."

ಅಭಿಮನ್ಯು ಚಕ್ರವ್ಯೂಹ ಹೊಕ್ಕಿದ್ದ. ಮಾನಿಟರು ಕಪ್ಪಾಯಿತು. ಕಾರ್ಡು ಮುಟ್ಟಿ ನೋಡಿದೆ, ಹದವಾಗಿತ್ತು. ಅದರ ಮೇಲೆ ಕರೆಂಟು ಹಂಚುವ ಪೆಟ್ಟಿಗೆ, ಎಸ್‌ಎಂಪಿಎಸ್. ಅದನ್ನೂ ಮುಟ್ಟಿದೆ. ಬೆರಳು ಬಾಯಿಗೆ ಹೋಯಿತು.

ವಿದ್ಯಾನಗರದ ರಿಪೇರಿಯ ಹುಡುಗ ಒಮ್ಮೆ ಮೂಸಿ, "ಎಸ್‌ಎಂಪಿಎಸ್ ಪೋಯಿ ಸಾರ್" ಎಂದ. ನಮ್ಮ ಕಡೆ ರಿಪೇರಿ ಮಲಯಾಳದಲ್ಲಿ, ಬೈಗಳು ತುಳುವಿನಲ್ಲಿ, ಪಶ್ಚಾತ್ತಾಪ ಮಾತ್ರ ಕನ್ನಡದಲ್ಲಿ.

ಆಮೇಲೆ ಗೊತ್ತಾದ ಸಂಗತಿ ಇಷ್ಟು. ಕಿರುಚುತ್ತಿದ್ದ ಆ ಹಳೆಯ ಬ್ಲೋವರ್ ಬಿಸಿಗಾಳಿಯನ್ನು ಹಿಂದಿನ ಸಂದಿನಿಂದ ನೇರ ಹೊರಗೆ ಊದುತ್ತಿತ್ತು. ಸಾಧು ಸ್ವಭಾವದ ಎರಡು ಫ್ಯಾನುಗಳು ಅದನ್ನು ಕ್ಯಾಬಿನೆಟ್ಟಿನೊಳಗೇ ಹರಡಿ ಸುಮ್ಮನಾಗುತ್ತವೆ. ಕಾರ್ಡು ಎಳೆಯುವುದು 120 ವ್ಯಾಟ್, ಅದಷ್ಟೂ ಕೊನೆಗೆ ಬಿಸಿಯೇ. ಕೋಳಿಮರಿಗಳಿಗೆ ಕಾವು ಕೊಡಲು ಪೆಟ್ಟಿಗೆಯಲ್ಲಿಡುವ 60 ವ್ಯಾಟಿನ ಬಲ್ಬು ಗೊತ್ತಲ್ಲ, ಅಂಥವು ಎರಡು. ನನ್ನ ಹಳೆಯ ಕ್ಯಾಬಿನೆಟ್ಟಿನಲ್ಲಿ ಎಸ್‌ಎಂಪಿಎಸ್ ಇದ್ದದ್ದು ಅಟ್ಟದಲ್ಲಿ. ಬಿಸಿಗಾಳಿ ಏರುವುದೂ ಅಲ್ಲಿಗೇ. ತನ್ನನ್ನು ತಂಪು ಮಾಡಿಕೊಳ್ಳಲು ಅದು ಒಳಗೆಳೆದುಕೊಳ್ಳುವ ಗಾಳಿಯೂ ಅದೇ. ಜೊತೆಗೆ ಅದರ ಸ್ವಂತ ಸಂಪಾದನೆ ಬೇರೆ: ನೂರಕ್ಕೆ ಎಂಬತ್ತು ದಕ್ಷತೆಯದ್ದಾದರೆ 240 ವ್ಯಾಟ್ ಕೊಡಲು ಕರೆಂಟು ತೆಗೆದುಕೊಳ್ಳುವುದು 300. ನಡುವಿನ 60, ಮೂರನೇ ಬಲ್ಬು. ಒಳಗಿನ ಕೆಪಾಸಿಟರುಗಳಿಗೋ, ಹತ್ತು ಡಿಗ್ರಿ ಬಿಸಿ ಏರಿದರೆ ಆಯುಸ್ಸು ಸರಿಸುಮಾರು ಅರ್ಧ. ಹೊರಗೆ ಕಾಸರಗೋಡಿನ ಏಪ್ರಿಲ್, ಮುಂದೆ ನನ್ನ ಪರದೆ. ಕಾವೂ ಅಭಿಮನ್ಯುವೇ: ಒಳಹೊಗುವ ದಾರಿ ಗೊತ್ತು, ಹೊರಬರುವುದು ಗೊತ್ತಿಲ್ಲ. ಕಾರ್ಡಿನ ಜ್ವರವನ್ನು ನಾನು ಇಳಿಸಿರಲಿಲ್ಲ, ಮೇಲ್ಮನೆಯವನಿಗೆ ದಾಟಿಸಿದ್ದೆ.

ಇದನ್ನೆಲ್ಲ ಕಾಗದದಲ್ಲಿ ಬಾಣ ಬರೆದು ಹೆಂಡತಿಗೆ ವಿವರಿಸಿದೆ. "ಕಿಟಕಿ ಮುಚ್ಚಿ ದೋಸೆ ಹೊಯ್ದ ಹಾಗೆ ಅಂತ ಹೇಳಿದ್ರೆ ಸಾಕಿತ್ತು" ಎಂದು ಅದೇ ಕಾಗದದ ಹಿಂದೆ ಸಾಮಾನಿನ ಪಟ್ಟಿ ಬರೆದಳು.

ಹೊಸ ಕ್ಯಾಬಿನೆಟ್ ಬಂತು. ಇದರಲ್ಲಿ ಎಸ್‌ಎಂಪಿಎಸ್ ನೆಲಮಾಳಿಗೆಯ ನಿವಾಸಿ; ಅಡಿಯಿಂದ ತನ್ನದೇ ತಂಪುಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ಹಿಂಬದಿ ಮೇಲ್ಗಡೆ ಒಂದು ಫ್ಯಾನು ಕಾರ್ಡಿನ ಕಾವನ್ನು ಹೊರದೂಡುತ್ತದೆ. ಗೂಡು ಬೇಡ, ಪರದೆ ಬೇಡ. ಗೀರು ಬೀಳಬಾರದಲ್ಲ ಎಂದು ದಪ್ಪ ಜಮಖಾನೆ ಹಾಸಿ ಅದರ ಮೇಲೆ ಇಟ್ಟೆ.

ಹೌದು, ಜಮಖಾನೆ. ಗಾಳಿ ಎಳೆಯುವ ಬಾಯಿಗೇ. ಒಂದು ಗಂಟೆಯಲ್ಲಿ ಎಸ್‌ಎಂಪಿಎಸ್ ಫ್ಯಾನು ಏದುಸಿರು ಬಿಡತೊಡಗಿತು. ಈ ಸಲ ವಾಸನೆ ಬರುವ ಮೊದಲೇ ಹೆಂಡತಿ ಅಂಗಳದಿಂದ ಎರಡು ತುಂಡು ಮುರಕಲ್ಲು ತಂದು ಕೊಟ್ಟಳು. ಕ್ಯಾಬಿನೆಟ್ ಈಗ ಅದರ ಮೇಲೆ ನಿಂತಿದೆ, ತುಳಸಿಕಟ್ಟೆಯ ಗಾಂಭೀರ್ಯದಲ್ಲಿ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಬೆಳಗ್ಗೆ ನೋಡಿದರೆ ಕ್ಯಾಬಿನೆಟ್ಟಿನ ಹಿಂದೆ ಸ್ಟೂಲು, ಸ್ಟೂಲಿನ ಮೇಲೆ ಗೆರಸೆ, ಗೆರಸೆಯಲ್ಲಿ ಹಲಸಿನ ಹಪ್ಪಳ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಕೇಳಿದರು:

"ಇವತ್ತು ಆಟದ ವಿಡಿಯೋ ಇಲ್ವಾ ಮಗಾ? ಒಂದು ಮಗ್ಗುಲು ಇನ್ನೂ ಹಸಿ ಉಂಟು."