ವಂಶೋದ್ಧಾರಕರು

ಕೆಂಗೇರಿ ಉಪನಗರದ ಉದ್ಯಾನಗಳಲ್ಲಿ ಪ್ರಾತಃಕಾಲ ಸಂಚರಿಸುವ ನಿವೃತ್ತ ಗೃಹಸ್ಥರಲ್ಲಿ ಕೆಲವರು ಮಧುಮೇಹವನ್ನೂ, ಕೆಲವರು ನಿವೇಶನದ ವ್ಯಾಜ್ಯವನ್ನೂ, ಕೆಲವರು ಅಮೆರಿಕದಲ್ಲಿರುವ ಮಗನನ್ನೂ ವಿಷಯವಾಗಿಟ್ಟುಕೊಂಡು ಮಾತನಾಡುವರಷ್ಟೆ. ಇವರೆಲ್ಲರಿಂದ ಹೇಗಾದರೂ ತಪ್ಪಿಸಿಕೊಂಡು ಮನೆ ಸೇರಬಹುದು. ವಂಶೋದ್ಧಾರಕರ ಕೈಗೆ ಸಿಕ್ಕಿದವನು ಮಾತ್ರ ಬಿಸಿಲೇರುವವರೆಗೆ ಬಿಡುಗಡೆಯನ್ನು ಕಾಣನು. ಅನ್ಯರು ಮೊಮ್ಮಗನಿಂದ ವಂಶೋದ್ಧಾರವಾಗಲೆಂದು ಹಾರೈಸಿದರೆ, ಇವರು ಮುತ್ತಾತನನ್ನೇ ಉದ್ಧರಿಸಲು ಕಂಕಣ ಕಟ್ಟಿದವರು.

ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದ ಈ ಮಹನೀಯರು, ಸೇವೆಯಲ್ಲಿದ್ದ ಕಾಲದಲ್ಲಿ, ಪೌತಿ ಖಾತೆಗೆಂದು ಬಂದ ರೈತನು ಮೂರು ತಲೆಗಳ ವಂಶವೃಕ್ಷವನ್ನು ಬರೆಯಿಸಿ ತಂದರೆ, “ಸತ್ತವರ ಮರಣಪತ್ರ ಎಲ್ಲಯ್ಯಾ?” ಎಂದು ಹಿಂದಕ್ಕಟ್ಟುತ್ತಿದ್ದವರು. ಈಗ ತಮ್ಮ ಮಾಗಡಿ ಸೀಮೆಯ ವಂಶವನ್ನು ಕೆಂಪೇಗೌಡರ ದಂಡಿನವರೆಗೆ ಒಂದೇ ನೆಗೆತದಲ್ಲಿ ಕೊಂಡೊಯ್ದಿದ್ದಾರೆ, ಒಂದೇ ಒಂದು ಮರಣಪತ್ರವಿಲ್ಲದೆ. 1728ರಲ್ಲಿ ಮೈಸೂರಿನ ದಳವಾಯಿಯ ಸೈನ್ಯಕ್ಕೆ ಸಾವನದುರ್ಗವು ವಶವಾದಾಗ ಕೋಟೆಯ ಬಾಗಿಲಲ್ಲಿ ಕಟ್ಟಕಡೆಗೆ ನಿಂತಿದ್ದ ವೀರನು ತಮ್ಮ ಪೂರ್ವಜನೆಂಬುದು ಇವರ ಸಿದ್ಧಾಂತ. ಆ ವೀರನು ಅಂದೇ ಮಡಿದಿದ್ದರೆ ಸಂತಾನವು ಹೇಗೆ ಮುಂದುವರಿಯಿತು, ಮಡಿಯದೆ ಬಂದಿದ್ದರೆ ಬಾಗಿಲನ್ನು ಯಾರಿಗೆ ಬಿಟ್ಟು ಬಂದನು ಎಂಬ ಪ್ರಶ್ನೆಯನ್ನು ಉದ್ಯಾನದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮತ್ತೊಂದು ಸುತ್ತು ನಡೆಯಬೇಕಾದೀತು.

2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದದ್ದು ತಮ್ಮ ಸಂಶೋಧನೆಯ ಸೌಕರ್ಯಾರ್ಥವೇ ಎಂದು ಅವರ ನಂಬಿಕೆ. ಮಾರ್ಗದ ಬಣ್ಣ ಬದಲಿಸದೆ ಒಂದೇ ರೈಲಿನಲ್ಲಿ ವಿಧಾನಸೌಧದ ನಿಲ್ದಾಣಕ್ಕೆ ಇಳಿದು, ರಾಜ್ಯ ಪತ್ರಾಗಾರದ ಧೂಳನ್ನು ಸೇವಿಸಿ, ಸಂಜೆಗೆ ಸೀನುತ್ತ ಹಿಂದಿರುಗುವುದು ವಾಡಿಕೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯ ಶಾಸನಗಳು, ಜೆರಾಕ್ಸ್ ರೂಪದಲ್ಲಿ ಅವರ ದೇವರಮನೆಯಲ್ಲಿಯೇ ಪ್ರತಿಷ್ಠಿತವಾಗಿದೆ. ಬೇಗೂರಿನ ವೀರಗಲ್ಲೊಂದರಲ್ಲಿ, ಕ್ರಿ.ಶ. 890ರ ಸುಮಾರಿಗೆ ನಡೆದ ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ಹೆಸರು ಇಂದಿಗೂ ಉಳಿದಿದೆಯೆಂಬುದನ್ನು ನೆನೆದಾಗ ಅವರ ಕಣ್ಣಿನಲ್ಲಿ ಮಾತ್ಸರ್ಯವು ಮಿಂಚುವುದನ್ನು ನಾವು ಕಂಡಿದ್ದೇವೆ.

ದಾಖಲೆಗಳು ಕಡೆಗೆ ದಯಪಾಲಿಸಿದ್ದು ಒಂದು ಅಡಮಾನ ಪತ್ರವನ್ನು. ಅಜ್ಜನ ತಂದೆಯು ಎರಡು ಎಕರೆ ರಾಗಿಹೊಲವನ್ನು ಭೋಗ್ಯಕ್ಕೆ ಬರೆದುಕೊಟ್ಟು, ಕೆಳಗೆ ಎಡಗೈಯ ಹೆಬ್ಬೆಟ್ಟನ್ನು ಒತ್ತಿದ್ದನು. ಅನ್ಯರಾಗಿದ್ದರೆ ನಿರಾಶರಾಗುತ್ತಿದ್ದರು. ಇವರು ಮಾತ್ರ, “ಬಲಗೈಯಲ್ಲಿ ಖಡ್ಗವಿದ್ದುದರಿಂದ ಎಡಗೈಯನ್ನು ಒತ್ತಿದ್ದಾರೆ, ಗಮನಿಸಿ” ಎಂದರು.

ತರುವಾಯ ಊರಿಗೆ ಹೆಳವರು ಬಂದರು. ನಮ್ಮ ನಾಡಿನಲ್ಲಿ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಯ್ದುಕೊಂಡು, ಸಿಂಗರಿಸಿದ ಎತ್ತಿನೊಡನೆ ಕೆಲವು ವರ್ಷಗಳಿಗೊಮ್ಮೆ ಬಂದು, ಹೆಸರುಗಳನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ದವಸವನ್ನೋ ಕಾಸನ್ನೋ ಪಡೆದು ಹೋಗತಕ್ಕ ಈ ಜನರಿಗಿಂತ ನಂಬಲರ್ಹವಾದ ಪತ್ರಾಗಾರವಿರಲಾರದೆಂದು ನಮ್ಮ ಅಭಿಪ್ರಾಯ. ಸುದ್ದಿ ತಿಳಿದೊಡನೆ ವಂಶೋದ್ಧಾರಕರು ಕಾರು ಮಾಡಿಕೊಂಡು ಓಡಿದರು. ಹೆಳವನು ಹೊತ್ತಿಗೆ ಬಿಚ್ಚಿ, ಧಾತು ಈಶ್ವರದ ಬರದಲ್ಲಿ, ಎಂದರೆ 1876-78ರ ಆ ಮಹಾಕ್ಷಾಮದಲ್ಲಿ, ಮೂಲಪುರುಷನು ಹೆಂಡತಿಯನ್ನೂ ಒಂದು ಮುದಿ ಎತ್ತನ್ನೂ ಕಟ್ಟಿಕೊಂಡು ಬೇರೆ ಸೀಮೆಯಿಂದ ಗುಳೆ ಬಂದನೆಂದು ಓದಿದನು.

“ಅದಕ್ಕೂ ಹಿಂದೆ? ಕೋಟೆ, ದಂಡು, ಏನಾದರೂ ಇರಬೇಕಲ್ಲ, ಸರಿಯಾಗಿ ನೋಡಪ್ಪ.”

“ಇಲ್ಲದ್ದನ್ನ ಹೆಂಗೆ ಓದ್ಲಿ ಸ್ವಾಮಿ? ನಿಮ್ಮಜ್ಜ ಒಪ್ಪಿಕೊಂಡಿದ್ದ ಒಂದು ಪಲ್ಲ ರಾಗಿ ಬಾಕಿ ಅದೆ, ಅದು ಬರ್ದದೆ, ಅದ್ನ ಓದ್ಲಾ?”

ಮನುಷ್ಯರ ನಾಲಗೆಯಲ್ಲಿ ವಿಶ್ವಾಸ ಹೊರಟುಹೋದ ಮೇಲೆ ಅವರು ತಮ್ಮ ನಾಲಗೆಯ ರಸವನ್ನೇ ಆಶ್ರಯಿಸಿದರು. ಮಗನು ಅಮೆರಿಕದಿಂದ ಡಿಎನ್‌ಎ ಪರೀಕ್ಷೆಯ ಕೊಳವೆಯನ್ನು ತರಿಸಿಕೊಟ್ಟನು. ಬಡಾವಣೆಯ ಸಂಘದ ಕಾರ್ಯದರ್ಶಿಯಾಗಿ ಗೋಡೆಗಳ ಮೇಲೆಲ್ಲ ‘ಇಲ್ಲಿ ಉಗುಳಬಾರದು’ ಎಂದು ಬರೆಯಿಸಿದ ಅದೇ ಮಹನೀಯರು ಅರ್ಧ ಗಂಟೆ ಕೂತು ಅದರೊಳಕ್ಕೆ ಉಗುಳಿದರು. ಉತ್ತರವು ಬರಲು ವಾರಗಳೇ ಹಿಡಿದವು. ಬಂದದ್ದು ಭೂಪಟದ ಮೇಲೆ ಬಳ್ಳಾರಿಯಿಂದ ಕನ್ಯಾಕುಮಾರಿಯವರೆಗೆ ಎಳೆದ ಒಂದು ದೊಡ್ಡ ವೃತ್ತ, ಅದರ ಮೇಲೆ ‘ದಕ್ಷಿಣ ಭಾರತೀಯ’ ಎಂಬ ಬರಹ. “ನೀವು ಮುದ್ದೆ ನುಂಗೋದು ನೋಡಿದ್ರೆ ನಾನೇ ಹೇಳ್ತಿದ್ದೆ, ಇದಕ್ಕೆ ಉಗುಳು ಯಾಕ್ರೀ ಬೇಕಿತ್ತು?” ಎಂದರು ಅವರ ಧರ್ಮಪತ್ನಿ.

ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ‘ವೈ’ ವರ್ಣತಂತುವಿನ ಪುಟವೊಂದೇ ಅವರಿಗೆ ಪ್ರಿಯವಾಯಿತು. ಹತ್ತು ತಲೆಗಳ ಹಿಂದೆ ಪ್ರತಿಯೊಬ್ಬನಿಗೂ 1024 ಪೂರ್ವಜಸ್ಥಾನಗಳಿದ್ದು, ಈ ತಂತುವು ಅವರ ಪೈಕಿ ಒಬ್ಬನ ಸಮಾಚಾರವನ್ನಷ್ಟೇ ಹೇಳುವುದೆಂದು ನಾವು ವಿನಯಪೂರ್ವಕವಾಗಿ ಸೂಚಿಸಿದೆವು. ಮಿಕ್ಕ 1023 ಮಂದಿಯ ಯೋಗಕ್ಷೇಮ ತಮಗೆ ಸಂಬಂಧಿಸಿದ್ದಲ್ಲವೆಂಬಂತೆ ಅವರು ಪುಟ ತಿರುವಿದರು. ಗೋಡೆಯ ಮೇಲಿನ ಅವರ ವಂಶವೃಕ್ಷದಲ್ಲಿಯೂ ಗಂಡಸರಿಗೆಲ್ಲ ಹೆಸರುಂಟು. ಹೆಂಗಸರಿರುವೆಡೆ ‘ಪತ್ನಿ’ ಎಂದಿದೆ.

ತಿರುವಿದ ಆ ಪುಟದಲ್ಲಿಯೇ ವಿಪತ್ತು ಕಾದಿತ್ತು. ಸಮೀಪ ರಕ್ತಸಂಬಂಧಿಗಳ ಪಟ್ಟಿಯಲ್ಲಿ, ಹೆಸರನ್ನು ನೋಡಿದೊಡನೆ ಜಾತಿಯು ತಿಳಿದುಬರುವ ಒಬ್ಬ ತರುಣನಿದ್ದನು, ತಮ್ಮ ಮಹಡಿಯ ಮನೆಯನ್ನು ಬಾಡಿಗೆಗೆ ಕೇಳಲು ಬಂದವರನ್ನು ಮುಂಗಡದ ಮಾತಿಗೆ ಮೊದಲು “ನೀವು ಯಾವ ಪೈಕಿ?” ಎಂದು ವಿಚಾರಿಸಿ ಇವರು ಸಾಗಹಾಕುತ್ತಿದ್ದ ಪೈಕಿಯವನು. “ಪ್ರಯೋಗಶಾಲೆಯಲ್ಲಿ ಕೊಳವೆ ಅದಲುಬದಲಾಗಿದೆ” ಎಂದು ತತ್‌ಕ್ಷಣವೇ ತೀರ್ಪಿತ್ತರು. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳೂ ಅಮೆರಿಕದ ವಿದ್ವಾಂಸರೂ ಕೂಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನರು ವ್ಯಾಪಕವಾಗಿ ಬೆರೆತು, ಒಳಬಾಂಧವ್ಯ ವಿವಾಹದ ಬೇಲಿಗಳು ಬಲವಾದದ್ದು ಆ ಬಳಿಕವೇ. ಅದನ್ನು ಹೇಳಲು ಬಾಯಿ ತೆರೆದೆವು. ಆದರೆ ಅವರು ಆಗಲೇ ಮತ್ತೊಂದು ಸಂಸ್ಥೆಯ ಕೊಳವೆಗೆ ಹಣ ಕಟ್ಟಿದ್ದರು.

ಮಹಡಿಯ ಮನೆಯು ಇಂದಿಗೂ ಖಾಲಿಯಿದೆ. ಎರಡು ಮಲಗುವ ಕೋಣೆ, ಕಾವೇರಿ ನೀರು, ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರ. ನೋಡಲು ಹೋಗುವ ವಾಚಕರು ಆಧಾರ್ ಕಾರ್ಡಿನ ಜೊತೆಗೆ ಮುತ್ತಾತನ ಹೆಸರನ್ನೂ ಊರನ್ನೂ ಬರೆದುಕೊಂಡು ಹೋಗುವುದು ಉತ್ತಮ. ಮುತ್ತಜ್ಜಿಯ ಹೆಸರನ್ನು ಅವರು ಕೇಳುವುದಿಲ್ಲ.